ಹಳೆಯ ಹಗೆಯ ನಡುವೆ ಗೆಳೆತನ ಬರೆಯುವುದು: ಕಲ್ಪಿತ ಲೋಕದ ಕಥೆಗಾರರಿಗೊಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಸಂಜೆಗಳಲ್ಲಿ ಮಂಗಳೂರು, ಉಡುಪಿಯ ಸಭಾಭವನಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳ ಆಶುಮಾತು, ಇಷ್ಟೇ. ‘ವಾಲಿವಧೆ’ಯಲ್ಲಿ ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕಟ್ಟಿಹಾಕಿದ ಅರ್ಥಧಾರಿಯೇ ಮುಂದಿನ ವಾರ ಇನ್ನೊಂದು ಊರಿನಲ್ಲಿ ರಾಮನಾಗಿ ಕುಳಿತು ಅದೇ ಪ್ರಶ್ನೆಗೆ ಉತ್ತರ ಹುಡುಕುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎರಡು ಕುಲಗಳ ಹಳೆಯ ಹಗೆಯನ್ನೂ ಆ ಹಗೆಯನ್ನು ದಾಟಿ ಹುಟ್ಟುವ ಗೆಳೆತನವನ್ನೂ ಫ್ಯಾಂಟಸಿ ಕಾದಂಬರಿಯಲ್ಲಿ ನಂಬುವಂತೆ ಬರೆಯುವ ದಾರಿ ನನಗೆ ಕಂಡದ್ದು ಅಲ್ಲಿಯೇ. ಒಬ್ಬನು ತನ್ನವರ ಎದುರಿಗೆ ನಿಂತು, ಯಾರ ಬಲವಂತವೂ ಇಲ್ಲದೆ, ಎದುರಾಳಿ ಕುಲದ ನೋವನ್ನು ಆ ಕುಲದವರೇ ಹೇಳುವಂತೆ ಹೇಳಬಲ್ಲನಾದರೆ ಅವನು ಗೆಳೆಯನಾದನೆಂದು ಓದುಗ ಒಪ್ಪುತ್ತಾನೆ. ಮುಂದಿನ ಎಲ್ಲ ಹೆಜ್ಜೆಗಳೂ ಆ ಒಂದು ಸನ್ನಿವೇಶದ ಕಡೆಗೆ ನಡೆಯುತ್ತವೆ.

ಉದಾಹರಣೆಗಾಗಿ ನಾನೇ ಕಟ್ಟಿದ ಒಂದು ಸಣ್ಣ ಲೋಕವನ್ನು ಉದ್ದಕ್ಕೂ ಬಳಸುತ್ತೇನೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಯ ಬಳಿ ನಿಂತು ಪೂರ್ವಕ್ಕೆ ಘಟ್ಟದ ಸಾಲನ್ನು ನೆನೆದುಕೊಂಡರೆ ಅದರ ನಕ್ಷೆ ಸಿಕ್ಕೀತು. ಕೆಳಗೆ ಉಪ್ಪು ಬೆಳೆಯುವ, ದೋಣಿ ನಡೆಸುವ ಅಳಿವೆಯವರು; ಮೇಲೆ ಹೊಳೆಗೆ ಕಟ್ಟ ಕಟ್ಟಿ ಬೇಸಾಯ ಮಾಡುವ ಮಲೆಯವರು. ಅಳಿವೆಯವರ ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಂಥ ತೆಳುಚರ್ಮವಿದೆ. ಮಲೆಯವರು ಮುನ್ನೂರು ವರ್ಷ ಬದುಕುತ್ತಾರೆ.

ಹೆಜ್ಜೆ 1: ಗಾಯ ಮೊದಲು, ಕುಲಗಳು ಆಮೇಲೆ

ಹೊಸಬರು ಸಾಮಾನ್ಯವಾಗಿ ಎರಡು ಕುಲಗಳನ್ನು ವಿರುದ್ಧ ಗುಣಗಳಿಂದ ಸೃಷ್ಟಿಸುತ್ತಾರೆ. ಒಂದು ಕುಲ ಮೃದು, ಇನ್ನೊಂದು ಒರಟು. ಒಂದು ಕಾಡನ್ನು ಪ್ರೀತಿಸುತ್ತದೆ, ಇನ್ನೊಂದು ಕಲ್ಲನ್ನು. ಗುಣಭೇದದಿಂದ ಬೇಸರವೋ ತಾತ್ಸಾರವೋ ಹುಟ್ಟಬಹುದು, ತಲೆಮಾರುಗಳ ಹಗೆ ಹುಟ್ಟುವುದಿಲ್ಲ. ಹಗೆಗೆ ಒಂದು ನಿರ್ದಿಷ್ಟ ಘಟನೆ ಬೇಕು. ಅದಕ್ಕೊಂದು ರಾತ್ರಿ, ಒಂದು ಜಾಗ, ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇರಬೇಕು. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ತನ್ನ ಕಥೆಗಳ ಅಮರ ಕುಲವಾದ ಎಲ್ಫ್‌ಗಳಿಗೂ ಕುಬ್ಜರಿಗೂ ಕೊಟ್ಟ ಪುರಾತನ ಗಾಯದಲ್ಲಿ ಆ ವಸ್ತು ಒಂದು ಕಂಠಹಾರ. ಅದು ತಮ್ಮ ಹಿರಿಯರು ಮಾಡಿದ್ದೆಂದು ಕುಬ್ಜ ಕಮ್ಮಾರರು ಹಕ್ಕು ಹೇಳಿದರು, ಎಲ್ಫ್ ರಾಜ ಥಿಂಗೋಲ್ ಅವರನ್ನು ಹೀಗಳೆದ, ಕಮ್ಮಟದಲ್ಲಿಯೇ ಅವನ ಕೊಲೆಯಾಯಿತು.

ನನ್ನ ಲೋಕದ ಗಾಯ ಇದು. ಮಳೆಗಾಲ ಮುಗಿದ ಮೇಲೆ ಹೊಳೆಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಕೆಮರದ ಕಾಂಡಗಳಿಂದ ಕಟ್ಟ ಕಟ್ಟಿ ಬೇಸಗೆಗೆ ನೀರು ನಿಲ್ಲಿಸುವ ಪದ್ಧತಿಯನ್ನು ನಮ್ಮ ಜಿಲ್ಲೆಯ ಕೃಷಿಕರೆಲ್ಲ ಬಲ್ಲರು. ಮಲೆಯವರ ಮಹಾಕಟ್ಟ ತುಂಬಿ ನಿಂತಿದ್ದಾಗ, ಬೇಸಗೆಯ ನಡುವೆ ಅಕಾಲ ಮಳೆ ಸುರಿಯಿತು. ತಮ್ಮ ಹಳ್ಳಿಗಳು ಮುಳುಗುವುದನ್ನು ಕಂಡ ಮಲೆಯವರು ನಡುರಾತ್ರಿಯಲ್ಲಿ ಕಟ್ಟವನ್ನು ಕಡಿದರು. ನೂರಿಪ್ಪತ್ತು ವರ್ಷಗಳ ಹಿಂದಿನ ಆ ರಾತ್ರಿ ಉಪ್ಪಿನ ಆಗರಗಳಲ್ಲಿ ಮಲಗಿದ್ದ ಅಳಿವೆಯ ಮಕ್ಕಳು ಮರಿಗಳೆಲ್ಲ ಕಡಲಿಗೆ ಹೋದರು.

ಹೆಜ್ಜೆ 2: ಎರಡೂ ಕಡೆಯ ಅರ್ಥವನ್ನು ಬರೆಯಿರಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಎರಡು ಸಂಜೆಗಳನ್ನು ಮೀಸಲಿಡಿ. ಮೊದಲ ಸಂಜೆ ಒಂದು ಕುಲದ ಅತ್ಯಂತ ವಿವೇಕಿ ಹಿರಿಯನಾಗಿ ಕುಳಿತು ಆ ಘಟನೆಯನ್ನು ಎರಡು ಪುಟಗಳಲ್ಲಿ ಹೇಳಿ. ಎರಡನೆಯ ಸಂಜೆ ಇನ್ನೊಂದು ಕುಲದ ಅಷ್ಟೇ ವಿವೇಕಿ ಹಿರಿಯಳಾಗಿ ಅದಕ್ಕೆ ಉತ್ತರ ಕೊಡಿ. ನಿಯಮಗಳು ಎರಡು. ಯಾರೂ ಸುಳ್ಳು ಹೇಳಕೂಡದು, ಯಾರೂ ಮೂರ್ಖರಾಗಿರಕೂಡದು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ದುರ್ಬಲನಾದರೆ ಪ್ರಸಂಗವೇ ಬಿದ್ದುಹೋಗುತ್ತದೆ. ಪ್ರಸಿದ್ಧ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಇಂದಿಗೂ ಜನ ನೆನೆಯುವುದು, ಸೋತು ಬಿದ್ದವನ ಮಾತಿಗೂ ಪೂರ್ತಿ ತೂಕ ಸಿಗಬೇಕೆಂಬುದನ್ನು ಆ ಪಾತ್ರ ತೋರಿಸಿಕೊಟ್ಟದ್ದರಿಂದ.

ಅಳಿವೆಯವರು ಹೇಳುವುದು: ಯಾರೂ ಬಂದು ಎಚ್ಚರಿಸಲಿಲ್ಲ; ಕಡಿಯುವ ಮುಂಚೆ ಒಂದು ಗಳಿಗೆ ಕಾದಿದ್ದರೆ, ಒಂದು ಕೊಂಬು ಊದಿದ್ದರೆ ನಮ್ಮ ಮಕ್ಕಳು ಉಳಿಯುತ್ತಿದ್ದರು; ಆದ್ದರಿಂದ ಅದು ಕೊಲೆ. ಮಲೆಯವರು ಹೇಳುವುದು: ಸಂಜೆಗೇ ಓಟಗಾರನನ್ನು ಕಳಿಸಿದ್ದೆವು, ಅವನು ಹಿಂತಿರುಗಲಿಲ್ಲ, ನಿಮ್ಮವರು ಅವನನ್ನು ಏನು ಮಾಡಿದರೆಂದು ಈ ತನಕ ಯಾರೂ ಹೇಳಿಲ್ಲ, ಆದ್ದರಿಂದ ಮೊದಲ ಕೊಲೆ ನಿಮ್ಮದು. ನಿಜವಾಗಿ ನಡೆದದ್ದೇನೆಂದರೆ, ಓಟಗಾರ ಕಡವಿಗೆ ಬಂದು ತಲಪಿದ್ದ. ಅವನ ಮಾತು ತಿಳಿಯದ ಕಾವಲುಗಾರ ಉಪ್ಪುಗಳ್ಳನೆಂದು ಬಗೆದು ಅವನನ್ನು ಗುಡಿಸಲಿನಲ್ಲಿ ಕೂಡಿ ಬೀಗ ಹಾಕಿದ. ನೀರು ಇಬ್ಬರನ್ನೂ ಕೊಂಡೊಯ್ದಿತು. ಹೀಗೆ ಎರಡು ಹೇಳಿಕೆಗಳೂ ಸುಳ್ಳಲ್ಲ, ಆದರೆ ಎರಡರಲ್ಲಿಯೂ ಒಂದೊಂದು ತುಂಡು ಇಲ್ಲ. ಆ ಕಾಣೆಯಾದ ತುಂಡನ್ನು ನೀವು ಈಗಲೇ ತಿಳಿದಿರಬೇಕು, ನಿಮ್ಮ ಪಾತ್ರಗಳು ಕಥೆಯ ಮುಕ್ಕಾಲು ಭಾಗ ದಾಟುವವರೆಗೆ ತಿಳಿಯಬಾರದು. ಹಾಗೆಂದು ಅದು ಹಗೆಯನ್ನು ಒಂದೇ ಏಟಿಗೆ ಕರಗಿಸುವ ಗುಟ್ಟಾಗಬಾರದು. ಕೇವಲ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹಗೆ ಓದುಗನಿಗೆ ಮೋಸವೆನಿಸುತ್ತದೆ. ಓಟಗಾರ ಬಂದಿದ್ದನೆಂದು ತಿಳಿದ ಮೇಲೂ, ಉತ್ತರ ಬರುವ ಮೊದಲೇ ಕಟ್ಟ ಕಡಿದ ಕೈಗಳು ಇದ್ದೇ ಇರಬೇಕು.

ಹೆಜ್ಜೆ 3: ಆಯುಷ್ಯದ ಲೆಕ್ಕ

ವಾಸ್ತವಿಕ ಕಾದಂಬರಿಗೆ ಇಲ್ಲದ ಒಂದು ಸಾಧ್ಯತೆ ಫ್ಯಾಂಟಸಿಗೆ ಇದೆ: ಎರಡು ಕುಲಗಳ ಆಯುಷ್ಯ ಬೇರೆಬೇರೆಯಾಗಿರಬಹುದು. ಮುನ್ನೂರು ವರ್ಷ ಬದುಕುವವರಿಗೆ ನೂರಿಪ್ಪತ್ತು ವರ್ಷದ ಹಿಂದಿನ ರಾತ್ರಿ ಸ್ವಂತ ನೆನಪು. ಅರುವತ್ತು ವರ್ಷ ಬದುಕುವವರಿಗೆ ಅದು ಅಜ್ಜಿಯ ಅಜ್ಜಿ ಹೇಳಿದ ಹಾಡು. ನೆನಪಿನಲ್ಲಿ ಗೊಂದಲವಿರುತ್ತದೆ, ನಾಚಿಕೆಯಿರುತ್ತದೆ, ಮರೆಯುವ ಆಸೆಯಿರುತ್ತದೆ. ಹಾಡಿನಲ್ಲಿ ಗೊಂದಲವಿರುವುದಿಲ್ಲ, ಪ್ರತಿ ತಲೆಮಾರೂ ಅದನ್ನು ಇನ್ನಷ್ಟು ಹದಗೊಳಿಸಿ ಮುಂದಿನವರಿಗೆ ಕೊಡುತ್ತದೆ. ಅದರಿಂದ ಹೆಚ್ಚು ಕಾಲ ಬದುಕುವವರು ಹೆಚ್ಚು ಹಗೆ ಸಾಧಿಸುತ್ತಾರೆಂಬ ಸಾಮಾನ್ಯ ಎಣಿಕೆಯನ್ನು ಒಮ್ಮೆ ತಿರುಗಿಸಿ ನೋಡಿ. ನನ್ನ ಕಥೆಯಲ್ಲಿ ಕಟ್ಟದ ಮೇಲೆ ಮೊದಲ ಕೊಡಲಿಯೇಟು ಹಾಕಿದವಳು ಇನ್ನೂ ಬದುಕಿದ್ದಾಳೆ. ಅವಳು ಆ ರಾತ್ರಿಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಕೆಳಗೆ, ಅವಳ ಮುಖವನ್ನೇ ಕಾಣದ ಮಕ್ಕಳು ಅವಳನ್ನು ಶಪಿಸುವ ಹಾಡು ಹೇಳಿ ಉಪ್ಪು ಗೋರುತ್ತಾರೆ.

ನಿಮ್ಮ ಎರಡು ಕುಲಗಳಿಗೂ ಒಂದೇ ಆಯುಷ್ಯವಿದ್ದರೆ ಈ ಹೆಜ್ಜೆಯನ್ನು ಬಿಡಬಹುದು, ಆದರೆ ಒಂದು ಒಳ್ಳೆಯ ಅವಕಾಶವನ್ನು ಬಿಟ್ಟಂತಾದೀತು.

ಹೆಜ್ಜೆ 4: ಹಗೆಗೆ ದಿನದ ಬದುಕಿನಲ್ಲಿ ಮನೆ ಮಾಡಿಕೊಡಿ

ಯುದ್ಧ ವರ್ಷಕ್ಕೊಮ್ಮೆಯೂ ನಡೆಯಲಿಕ್ಕಿಲ್ಲ. ಸಂತೆ ವಾರಕ್ಕೊಮ್ಮೆ ನಡೆಯುತ್ತದೆ. ಉಪ್ಪಿಲ್ಲದೆ ಮಲೆಯವರು ಬದುಕಲಾರರು, ಅಕ್ಕಿಯಿಲ್ಲದೆ ಅಳಿವೆಯವರು ಬದುಕಲಾರರು. ಆದ್ದರಿಂದ ಹಗೆಯವರು ವ್ಯಾಪಾರ ನಿಲ್ಲಿಸುವುದಿಲ್ಲ, ವ್ಯಾಪಾರದ ರೀತಿಯನ್ನು ಬದಲಿಸುತ್ತಾರೆ. ಮಲೆಯವರು ಅಕ್ಕಿ ಮುಡಿಯನ್ನು ಬಂಡೆಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಅಳಿವೆಯವರು ಬಂದು ಉಪ್ಪಿನ ಚೀಲವಿಟ್ಟು ಮುಡಿಯನ್ನು ಎತ್ತಿಕೊಳ್ಳುತ್ತಾರೆ. ಕೈ ಕೈಗೆ ತಾಗುವುದಿಲ್ಲ. ಇಂಥ ಒಂದು ಚಿತ್ರ ನಾಲ್ಕು ಪುಟಗಳ ಇತಿಹಾಸದ ವರದಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಮತ್ತು ಮುಂದೆ ಒಂದು ದಿನ ಮುಡಿ ಬಂಡೆಯ ಮೇಲೆ ಇಳಿಯದೆ ನೇರವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ನೀವು ವಿವರಿಸಬೇಕಾದದ್ದು ಏನೂ ಉಳಿದಿರುವುದಿಲ್ಲ.

ಬೈಗುಳ, ಗಾದೆ, ಮಕ್ಕಳ ಆಟ, ಸಾವಿನ ಮನೆಯ ಹಾಡು, ಇವುಗಳಲ್ಲಿ ಎದುರಾಳಿ ಕುಲ ಹೇಗೆ ಬರುತ್ತದೆಂದು ಟಿಪ್ಪಣಿ ಮಾಡಿಕೊಳ್ಳಿ. ಪ್ರತಿ ಕುಲಕ್ಕೂ ಎರಡು ಹೆಸರುಗಳಿರಲಿ: ತಾವು ತಮ್ಮನ್ನು ಕರೆದುಕೊಳ್ಳುವುದು ಒಂದು, ಎದುರಿನವರು ಕರೆಯುವುದು ಇನ್ನೊಂದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಒಂದೇ ಬಸ್ಸಿನಲ್ಲಿ ಕೇಳಿಬರುವ ಊರು ನಮ್ಮದು. ನಮ್ಮ ನಡುವಿನ ಯಾವುದೋ ಸಮುದಾಯದ ಮಾತಿನ ಧಾಟಿ, ಊಟ, ಉಡುಗೆಗಳನ್ನು ಎತ್ತಿ ಕಥೆಯ ದುಷ್ಟ ಕುಲಕ್ಕೆ ತೊಡಿಸುವುದು ಬರವಣಿಗೆಯ ದೋಷ ಮಾತ್ರವಲ್ಲ, ಅನ್ಯಾಯವೂ ಹೌದು. ಎರಡು ಕುಲಗಳ ಮಾತನ್ನು ಬೇರೆ ಮಾಡಲು ಉಪಭಾಷೆಯ ಮೊರೆ ಹೋಗದೆ ಉಪಮೆಗಳನ್ನು ಬೇರೆ ಮಾಡಿ. ಅಳಿವೆಯವರು ಹೊತ್ತನ್ನು ಭರತ ಇಳಿತಗಳಿಂದ ಅಳೆಯುತ್ತಾರೆ. ನಮ್ಮ ಕಡಲಿನಲ್ಲಿ ದಿನಕ್ಕೆರಡು ಸಲ ಭರತ ಬರುತ್ತದೆ, ಮತ್ತು ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ‘ನಾಳೆ ಇದೇ ಹೊತ್ತಿಗೆ’ ಎಂದು ಅಳಿವೆಯವಳು ಹೇಳಿದರೆ ಅದು ಮಲೆಯವನ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಅವರಿಬ್ಬರ ಮೊದಲ ಜಗಳಕ್ಕೆ ಇಷ್ಟು ಸಾಕು.

ಹೆಜ್ಜೆ 5: ಹಗೆಯ ಮನೆಯಿಂದಲೇ ಇಬ್ಬರನ್ನು ಆರಿಸಿ

ನನ್ನ ಮೊದಲ ಹಸ್ತಪ್ರತಿಯಲ್ಲಿ ನಾಯಕನಿಗೆ ಹುಟ್ಟಿನಿಂದಲೇ ಯಾವ ಪೂರ್ವಗ್ರಹವೂ ಇರಲಿಲ್ಲ. ಅವನು ಎಲ್ಲರನ್ನೂ ಸಮಾನವಾಗಿ ಕಾಣುತ್ತಿದ್ದ. ಅದರಿಂದಾಗಿ ಅವನಿಗೆ ದಾಟಲು ಹೊಳೆಯೇ ಇರಲಿಲ್ಲ. ಗೆಳೆಯರಾಗಬೇಕಾದ ಇಬ್ಬರೂ ತಮ್ಮವರ ಹಾಡನ್ನು ಪೂರ್ತಿ ನಂಬಿದವರಾಗಿರಬೇಕು, ಸಾಧ್ಯವಾದರೆ ಆ ಹಗೆಯಲ್ಲಿ ಅವರ ಮನೆಗೇ ಪಾಲಿರಬೇಕು. 1954–55ರಲ್ಲಿ ಪ್ರಕಟವಾದ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಎಲ್ಫ್ ಲೆಗೊಲಸ್ ಮತ್ತು ಕುಬ್ಜ ಗಿಮ್ಲಿಯ ಗೆಳೆತನವನ್ನು ಎಲ್ಲರೂ ಉದಾಹರಿಸುತ್ತಾರೆ, ಆದರೆ ಅವರ ತಂದೆಯರ ಲೆಕ್ಕವನ್ನು ಕೆಲವರು ಮರೆಯುತ್ತಾರೆ. ಗಿಮ್ಲಿಯ ತಂದೆ ಗ್ಲೋಯಿನ್‌ನನ್ನು ಸೆರೆಯಲ್ಲಿಟ್ಟವನು ಲೆಗೊಲಸ್‌ನ ತಂದೆ. ಸಾವಿರಾರು ವರ್ಷದ ಹಿಂದಿನ ಕಂಠಹಾರದ ಗಾಯ ಕುಲದ್ದು. ಸೆರೆಮನೆಯ ಗಾಯ ಮನೆಯದು. ಈ ಎರಡು ಪದರಗಳು ಒಂದರ ಮೇಲೊಂದು ಕೂತಾಗ ಹಗೆಗೆ ಮೈ ಬರುತ್ತದೆ.

ನನ್ನ ಇಬ್ಬರು ಇವರು. ಚಿಪ್ಪಿ ನಲುವತ್ತರ ದೋಣಿಗಾರ್ತಿ. ಬೀಗ ಹಾಕಿದ ಕಾವಲುಗಾರನ ವಂಶದವಳು, ಆದರೆ ಬೀಗದ ವಿಷಯ ಅವಳಿಗೆ ತಿಳಿದಿಲ್ಲ. ಕಾನ, ಕೊಡಲಿಯೇಟು ಹಾಕಿದವಳ ಮಗ; ತೊಂಬತ್ತು ದಾಟಿದರೂ ಮಲೆಯವರ ಲೆಕ್ಕದಲ್ಲಿ ಹುಡುಗ. ಇವರನ್ನು ಪ್ರೇಮಿಗಳಾಗಿಸುವ ಆಸೆಯನ್ನು ನಾನು ಬೇಕೆಂದೇ ತಡೆದಿದ್ದೇನೆ. ಪ್ರೇಮ ಬಂದರೆ ಹಗೆಯನ್ನು ದಾಟಿದ ಕಾರಣವನ್ನು ಓದುಗ ಪ್ರೇಮಕ್ಕೇ ಒಪ್ಪಿಸಿಬಿಡುತ್ತಾನೆ.

ಹೆಜ್ಜೆ 6: ಒಟ್ಟಿಗಿರಲು ಕೆಲಸ ಕೊಡಿ

ಇಬ್ಬರನ್ನೂ ಜೊತೆಗೆ ತರುವುದು ಮೆಚ್ಚುಗೆಯಾಗಿರಬಾರದು, ಅನಿವಾರ್ಯವಾಗಿರಬೇಕು. ಒಬ್ಬರಿಗೆ ಬಾರದ ವಿದ್ಯೆ ಇನ್ನೊಬ್ಬರಿಗೆ ಬರಬೇಕು. ಅಳಿವೆಯ ಬಾಗಿಲಲ್ಲಿ ಮರಳಿನ ದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಅದನ್ನು ತಪ್ಪಿಸಿ ದೋಣಿ ದಾಟಿಸುವುದು ಚಿಪ್ಪಿಗೆ ಗೊತ್ತು. ಮೇಲಿನಿಂದ ಪ್ರವಾಹ ಯಾವಾಗ ಇಳಿಯುತ್ತದೆಂದು ನೀರಿನ ಬಣ್ಣ ನೋಡಿ ಹೇಳುವುದು ಕಾನನಿಗೆ ಗೊತ್ತು. ಇಬ್ಬರೂ ಸೇರದೆ ಆ ದೋಣಿ ಕಡಲಿಗೆ ಹೋಗಲಾರದು.

ಹೆಜ್ಜೆ 7: ‘ನೀವು’, ‘ನೀನು’, ‘ಮಾರಾಯ’

ತಿರುವನ್ನು ನಿಧಾನವಾಗಿ, ಕಣ್ಣಿಗೆ ಕಾಣುವಂತೆ ಬರೆಯಬೇಕು. ಟೋಲ್ಕಿನ್‌ನಲ್ಲಿ ಈ ತಿರುವಿನ ಬಹುಭಾಗ ಲೋತ್‌ಲೋರಿಯೆನ್‌ನ ಎಲ್ಫ್ ಕಾಡಿನಲ್ಲಿ, ಓದುಗನ ಕಣ್ಣಿನಾಚೆಗೆ ನಡೆದುಹೋಗುತ್ತದೆ. ಅಷ್ಟು ದೊಡ್ಡ ಕೃತಿ ಅದನ್ನು ತಾಳಿಕೊಳ್ಳುತ್ತದೆ, ನಮ್ಮ ನಿಮ್ಮ ಕಾದಂಬರಿ ತಾಳಿಕೊಳ್ಳಲಿಕ್ಕಿಲ್ಲ. ಆದರೆ ಅದಕ್ಕೆ ಮುಂಚಿನ ಒಂದು ಸನ್ನಿವೇಶ ಕಲಿಯಲು ಯೋಗ್ಯವಾದದ್ದು. ಕುಬ್ಜನೊಬ್ಬನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಬೇಕೆಂದು ಕಾವಲಿನವರು ಹೇಳಿದಾಗ ಗಿಮ್ಲಿ ಸಿಡಿದೇಳುತ್ತಾನೆ. ಲೆಗೊಲಸ್‌ಗೂ ಕಟ್ಟುವುದಾದರೆ ತನಗೆ ಒಪ್ಪಿಗೆ ಎನ್ನುತ್ತಾನೆ. ಈಗ ಸಿಟ್ಟಾಗುವ ಸರದಿ ಲೆಗೊಲಸ್‌ನದು. ಕೊನೆಗೆ ತಂಡದ ಎಲ್ಲರೂ ಕಣ್ಣು ಕಟ್ಟಿಸಿಕೊಂಡು ನಡೆಯುತ್ತಾರೆ. ಅವಮಾನವನ್ನು ಹಂಚಿಕೊಳ್ಳುವುದು ಎಷ್ಟು ಕಷ್ಟವೆಂದು ಅನುಭವಿಸಿದ ಮೇಲೆಯೇ ಅವರ ನಂಟು ಶುರುವಾಗುತ್ತದೆ. ಅಲ್ಲಿಂದ ಮುಂದೆ ಅದೇ ಇಬ್ಬರು ಕೋಟೆಯ ಯುದ್ಧದಲ್ಲಿ ಕೊಂದ ಶತ್ರುಗಳ ಲೆಕ್ಕವಿಟ್ಟು ಪೈಪೋಟಿ ನಡೆಸುತ್ತಾರೆ. ಗಿಮ್ಲಿಗೆ 42, ಲೆಗೊಲಸ್‌ಗೆ 41. ಹಗೆಯ ಲೆಕ್ಕವಿಡುತ್ತಿದ್ದ ಕುಲಗಳ ಮಕ್ಕಳು ಈಗ ಬೇರೆ ಲೆಕ್ಕ ಇಡುತ್ತಿದ್ದಾರೆ.

ಕನ್ನಡದ ಬರಹಗಾರನ ಕೈಯಲ್ಲಿ ಇನ್ನೊಂದು ಉಪಕರಣವಿದೆ, ಅದನ್ನು ದಯವಿಟ್ಟು ಬಳಸಿಕೊಳ್ಳಿ: ನಮ್ಮ ಏಕವಚನ ಬಹುವಚನಗಳು. ಮೊದಲ ಭೇಟಿಯಲ್ಲಿ ಕಾನ ಚಿಪ್ಪಿಯನ್ನು ‘ನೀನು’ ಎನ್ನುತ್ತಾನೆ, ಅದು ತಿರಸ್ಕಾರ. ದೋಣಿ ಅಳಿವೆಯಲ್ಲಿ ಮಗುಚಲಿದ್ದಾಗ ಅವಳ ಕೈಚಳಕ ಕಂಡ ಮೇಲೆ ‘ನೀವು’ ಎನ್ನುತ್ತಾನೆ. ಅದು ಗೌರವ, ದೂರವೂ ಹೌದು. ಗಂಜಿಯ ಬಟ್ಟಲನ್ನೂ ಸುಟ್ಟ ಒಣಮೀನನ್ನೂ ಹಂಚಿಕೊಂಡ ಎಷ್ಟೋ ರಾತ್ರಿಗಳ ಬಳಿಕ ಮತ್ತೆ ‘ನೀನು’ ಬರುತ್ತದೆ. ಅಕ್ಷರ ಅದೇ, ಅರ್ಥ ಪೂರ್ತಿ ಬೇರೆ. ಅವಳ ಬಾಯಲ್ಲಿ ಒಂದು ದಿನ ‘ಸ್ವಲ್ಪ ಸರಿದು ಕೂತುಕೋ ಮಾರಾಯ’ ಎಂಬ ಮಾತು ಬಂದಾಗ, ನಮ್ಮ ಕರಾವಳಿಯ ಓದುಗನಿಗೆ ಬೇರೆ ಸಾಕ್ಷಿ ಬೇಡ. ಈ ಪಲ್ಲಟಗಳು ಯಾವ ಯಾವ ಪುಟದಲ್ಲಿ ಆಗುತ್ತವೆಂದು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ತಿದ್ದುವಾಗ ಒಂದು ‘ನೀವು’ ತಪ್ಪಾದ ಜಾಗದಲ್ಲಿ ಉಳಿದರೂ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಹೆಜ್ಜೆ 8: ಕೆದಕುವವನನ್ನು ಗುರುತಿಸಿ

ಹಗೆ ತಾನಾಗಿ ಉರಿಯುತ್ತಲೇ ಇರುವುದಿಲ್ಲ. ಮಹಾಭಾರತದ ನಾಗರ ಕಥೆಯನ್ನು ಸರಪಳಿಯಾಗಿ ಇಟ್ಟು ನೋಡಿ. ಅರ್ಜುನ ಖಾಂಡವವನವನ್ನು ಸುಡಿಸಿದಾಗ ನಾಗರ ಒಡೆಯ ತಕ್ಷಕನ ಹೆಂಡತಿ ಸಾಯುತ್ತಾಳೆ, ಮಗ ಅಶ್ವಸೇನ ತಪ್ಪಿಸಿಕೊಳ್ಳುತ್ತಾನೆ. ಅವನು ಯಾರದೋ ಯುದ್ಧದಲ್ಲಿ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಮೇಲೆ ಬರುತ್ತಾನೆ. ಅರ್ಜುನನ ಮೊಮ್ಮಗ ಪರೀಕ್ಷಿತ ತಕ್ಷಕನಿಂದ ಸಾಯುತ್ತಾನೆ. ಪರೀಕ್ಷಿತನ ಮಗ ಜನಮೇಜಯ ಸರ್ಪಯಾಗ ಹೂಡುತ್ತಾನೆ. ಆದರೆ ಆ ಯಾಗಕ್ಕೆ ರಾಜನನ್ನು ಎಬ್ಬಿಸಿದವನು ಉತ್ತಂಕ. ಅವನಿಗೆ ತಕ್ಷಕನ ಮೇಲೆ ಇದ್ದದ್ದು ಕಿವಿಯ ಕುಂಡಲಗಳನ್ನು ಕದ್ದನೆಂಬ ಸ್ವಂತ ಸಿಟ್ಟು. ಕುಲದ ದೊಡ್ಡ ನೋವಿನ ಬೆನ್ನ ಮೇಲೆ ತನ್ನ ಸಣ್ಣ ಸೇಡನ್ನು ಹೊರಿಸಿ ಕಳಿಸುವ ಇಂಥವನೊಬ್ಬ ನಿಮ್ಮ ಎರಡೂ ಕುಲಗಳಲ್ಲಿರಲಿ. ನನ್ನ ಕಥೆಯಲ್ಲಿ ಅವನು ಸಂತೆಯ ಬಂಡೆಯ ದಲ್ಲಾಳಿ. ಕೈಗೆ ಕೈ ತಾಗಿದ ದಿನ ಅವನ ಪಾಲು ಹೋಗುತ್ತದೆ. ಅವನನ್ನು ರಾಕ್ಷಸನಾಗಿಸಬೇಡಿ. ಅವನಿಗೂ ಸಾಕಬೇಕಾದ ಮಕ್ಕಳಿರಲಿ.

ಹೆಜ್ಜೆ 9: ಗೆಳೆತನದ ಬೆಲೆಯನ್ನು ಮನೆಯೊಳಗೆ ಕಟ್ಟಿಸಿ

ಎದುರಾಳಿ ಕುಲ ಗೆಳೆಯನನ್ನು ಅವಮಾನಿಸುವುದು ಸುಲಭವಾದ ಸನ್ನಿವೇಶ. ಕಷ್ಟವಾದದ್ದು ಸ್ವಂತ ಮನೆಯಲ್ಲಿ ಆಗುವುದು. ಚಿಪ್ಪಿಯ ತಂಗಿ ಮದುವೆಗೆ ಕರೆಯುವುದಿಲ್ಲ. ಕಾನನ ತಾಯಿ ಮಗನಿಗೆ ಊಟ ಬಡಿಸುತ್ತಾಳೆ, ಎದುರು ಕೂರುವುದಿಲ್ಲ. ಇಂಥ ಎರಡು ಮೂರು ನಷ್ಟಗಳು ಸಾಕು. ಅವು ಹಿಂತಿರುಗಿ ಬಾರದಂಥವಾಗಿರಲಿ.

ಹೆಜ್ಜೆ 10: ಸಭೆ

ಎಲ್ಲ ಹೆಜ್ಜೆಗಳೂ ಸೇರುವ ಜಾಗ ಇದು. ಹೂಳೆತ್ತುವಾಗ ತುಕ್ಕು ಹಿಡಿದ ಬೀಗವೊಂದು ಚಿಪ್ಪಿಯ ಕೈಗೆ ಸಿಗುತ್ತದೆ. ಕೊಂಡಿ ಹಾಕಿಯೇ ಇದೆ, ಅದರ ಪಕ್ಕದಲ್ಲಿ ಮಲೆಯ ಓಟಗಾರರು ಮಾತ್ರ ತೊಡುವ ಕಾಲ್ಗಡಗವಿದೆ. ಅದನ್ನು ಮತ್ತೆ ನೀರಿಗೆ ಎಸೆಯುವುದಕ್ಕೆ ಅವಳಿಗೆ ಒಂದು ಇಡೀ ರಾತ್ರಿಯ ಅವಕಾಶ ಕೊಡಿ. ಆ ರಾತ್ರಿಯನ್ನು ಅವಸರವಿಲ್ಲದೆ ಬರೆಯಿರಿ. ಮರುದಿನ ಅಳಿವೆಯವರ ಸಭೆಯಲ್ಲಿ ಅವಳು ಓಟಗಾರನ ಕಥೆಯನ್ನು ಹೇಳಬೇಕು: ಮಳೆಯಲ್ಲಿ ಓಡಿದ್ದು, ತಿಳಿಯದ ಭಾಷೆಯಲ್ಲಿ ಕೂಗಿದ್ದು, ಬಾಗಿಲು ಬಡಿದದ್ದು. ಎರಡನೆಯ ಹೆಜ್ಜೆಯಲ್ಲಿ ನೀವು ಮಲೆಯವರ ಪರವಾಗಿ ಬರೆದಿಟ್ಟ ಎರಡು ಪುಟಗಳು ಈಗ ಅವಳ ಬಾಯಲ್ಲಿ, ಅವಳ ಉಪಮೆಗಳಲ್ಲಿ, ಭರತ ಇಳಿತಗಳ ಲೆಕ್ಕದಲ್ಲಿ ಬರುತ್ತವೆ. ಅವಳು ಕ್ಷಮೆ ಕೇಳುವುದೂ ಬೇಡ, ಮಲೆಯವರನ್ನು ಹೊಗಳುವುದೂ ಬೇಡ. ಆ ರಾತ್ರಿಯನ್ನು ಅವರ ಕಡೆಯಿಂದ ಹೇಳಿ ಕುಳಿತುಕೊಂಡರೆ ಸಾಕು.

ಕಾನನ ಸಭೆ ಇದಕ್ಕಿಂತ ಸಣ್ಣದು, ಹೆಚ್ಚು ಭಯಂಕರವಾದದ್ದು. ಅವನು ಅಳಿವೆಯ ಮಕ್ಕಳ ಸಾವನ್ನು ಹೇಳಬೇಕಾದದ್ದು ಒಬ್ಬಳ ಎದುರಿಗೆ ಮಾತ್ರ, ಮತ್ತು ಅವಳು ಆ ರಾತ್ರಿಯಲ್ಲಿ ಇದ್ದವಳು. ನಾನು ಆ ಭಾಗವನ್ನು ಮೂರು ಸಲ ಬರೆದೆ. ತಾಯಿ ಅತ್ತ ಆವೃತ್ತಿಯನ್ನೂ ಸಿಟ್ಟಾದ ಆವೃತ್ತಿಯನ್ನೂ ಹರಿದು ಹಾಕಿದೆ. ಉಳಿದ ಆವೃತ್ತಿಯಲ್ಲಿ ಅವಳು ಪೂರ್ತಿ ಕೇಳಿ, ‘ಎಷ್ಟು ಮಕ್ಕಳು?’ ಎಂದು ಮಾತ್ರ ಕೇಳುತ್ತಾಳೆ. ನೂರಿಪ್ಪತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರನ್ನೂ ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಹೆಜ್ಜೆ 11: ಆಮೇಲೆ ಏನು ಉಳಿಯುತ್ತದೆ

ಇಬ್ಬರ ಗೆಳೆತನದಿಂದ ಎರಡು ಕುಲಗಳು ತಬ್ಬಿಕೊಳ್ಳುವ ಮುಕ್ತಾಯವನ್ನು ಬರೆಯಬೇಡಿ. ಆಸ್ತೀಕನ ಕಥೆಯನ್ನು ನೆನೆಯಿರಿ. ತಂದೆ ಮನುಷ್ಯ, ತಾಯಿ ನಾಗರಾಜ ವಾಸುಕಿಯ ತಂಗಿ. ಎರಡೂ ಕಡೆಯ ರಕ್ತ ಹೊತ್ತ ಆ ಬಾಲಕ ಜನಮೇಜಯನಿಂದ ವರ ಪಡೆದು ಸರ್ಪಯಾಗವನ್ನು ನಿಲ್ಲಿಸುತ್ತಾನೆ. ಬೆಂದ ನಾಗರು ಮರಳಿ ಬರುವುದಿಲ್ಲ, ಪರೀಕ್ಷಿತನೂ ಬರುವುದಿಲ್ಲ, ತಕ್ಷಕ ಬದುಕಿ ಹೋಗುತ್ತಾನೆ. ನಿಲ್ಲುವುದು ಯಾಗ ಮಾತ್ರ. ಕಥೆ ಸಾಧಿಸಿದ್ದು ಅಷ್ಟೇ ಆದರೂ ಅದು ಎಷ್ಟು ದೊಡ್ಡದೆಂದು ಕೇಳುಗನಿಗೆ ತಿಳಿಯುತ್ತದೆ.

ಬದಲಾದ ಒಂದೋ ಎರಡೋ ಪದ್ಧತಿಗಳನ್ನು ತೋರಿಸಿ, ಉಳಿದದ್ದನ್ನು ಹಾಗೆಯೇ ಬಿಡಿ. ನನ್ನ ಕೊನೆಯ ಅಧ್ಯಾಯದಲ್ಲಿ ಉಪ್ಪು ಗೋರುವ ಹಾಡು ಇನ್ನೂ ಇದೆ, ಶಾಪದ ಸಾಲುಗಳೂ ಇವೆ. ದಲ್ಲಾಳಿ ಬಂಡೆಯ ಮೇಲೆ ಕುಳಿತೇ ಇದ್ದಾನೆ. ಆದರೆ ಮಳೆಗಾಲ ಕಳೆದು ಕಟ್ಟ ಮತ್ತೆ ಎದ್ದಾಗ, ಅಳಿವೆಯವರಲ್ಲಿ ಒಬ್ಬರು ಸರದಿಯ ಮೇಲೆ ಮಲೆಗೆ ಹೋಗಿ ಕಟ್ಟದ ಬಳಿ ರಾತ್ರಿ ಕಳೆಯುವ ಏರ್ಪಾಡು ಆಗಿದೆ. ಅವರ ತಲೆದಿಂಬಿನ ಪಕ್ಕದಲ್ಲಿ ಒಂದು ಕೊಂಬು ಇದೆ. ಮೊದಲ ರಾತ್ರಿಯ ಸರದಿ ಚಿಪ್ಪಿಯ ತಂಗಿಯದು. ಅವಳಿಗೆ ಗಂಜಿ ತಂದಿಟ್ಟು, ಮಾತನಾಡದೆ, ಈ ಸಲ ಎದುರಿಗೇ ಕುಳಿತುಕೊಳ್ಳುವವಳು ಕಾನನ ತಾಯಿ.